ಕಾಲಿಮ್ನೋಸಿನ ಸ್ಪಂಜು: ಕಂದು ತಗೊಳ್ಳಿ, ಹಳದಿ ಬೇಡ

ಎರಡು ವರ್ಷ ಮೈ ಉಜ್ಜಿ ಆದ್ಮೇಲೆ ಬರೀತಾ ಇದ್ದೇನೆ, ಮೊದಲ ವಾರವೇ ಬರೆದಿದ್ರೆ ಎರಡಕ್ಕೂ ಐದು ಸ್ಟಾರ್ ಕೊಟ್ಟುಬಿಡ್ತಿದ್ದೆ.

ನಾನು ಕಾಸರಗೋಡಿನ ಉದುಮದವ, ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ. ಗ್ರೀಸಿನ ಕೋಸ್ ದ್ವೀಪದಲ್ಲಿ ಒಂದು ದಿನ ರಜೆ ಸಿಕ್ತು, ಅಲ್ಲಿನ ಮಾಸ್ತಿಖಾರಿ ಬಂದರಲ್ಲಿ ಫೆರಿ ಹತ್ತಿದ್ರೆ ಒಂದು ಗಂಟೆಯೊಳಗೆ ಪಕ್ಕದ ಕಾಲಿಮ್ನೋಸ್ ದ್ವೀಪದ ಪೋಥಿಯಾ ಪೇಟೆ. ಕಡಲಿಂದ ಸ್ಪಂಜು ತೆಗೆಯುವುದಕ್ಕೇ ಹೆಸರಾದ ಊರು ಮಾರಾಯ್ರೆ.

ಅಂಗಡಿಯ ಅಜ್ಜ ಬಾಗಿಲ ಹತ್ರ ಇದ್ದ ಚಪ್ಪಟೆ ಕಲ್ಲು ಎತ್ತಿ ನೋಡು ಅಂದ್ರು, 15 ಕೆ.ಜಿ. ಹತ್ರ ಇರಬಹುದು. ಹಿಂದೆ ಇದನ್ನು ಹಿಡ್ಕೊಂಡು ಮೈಮೇಲೆ ಬಟ್ಟೆಯೂ ಇಲ್ಲದೆ ಒಂದೇ ಉಸಿರಲ್ಲಿ ತಳಕ್ಕೆ ಇಳೀತಿದ್ರಂತೆ. 1860ರ ದಶಕದಲ್ಲಿ ಹೆಲ್ಮೆಟ್ಟಿನ, ಮೇಲಿಂದ ಗಾಳಿ ಪಂಪು ಮಾಡುವ ಸೂಟು ಬಂತು, ಇನ್ನೂ ಆಳಕ್ಕೆ ಇಳಿದು ಇನ್ನೂ ಹೊತ್ತು ಇರಬಹುದು, ಮಾಲು ರಾಶಿ ರಾಶಿ, ಆದ್ರೆ ಗಡಿಬಿಡಿಯಲ್ಲಿ ಮೇಲೆ ಬಂದವರ ರಕ್ತದಲ್ಲಿ ಗುಳ್ಳೆ ಎದ್ದು ಎಷ್ಟೋ ಜನ ಸತ್ರು, ಕಾಲು ಸ್ವಾಧೀನ ತಪ್ಪಿದವರು ಇನ್ನೆಷ್ಟೋ. ಅವರ ಹಾಗೆ ಕೋಲೂರಿ ಕಾಲು ನಡುಗಿಸುವ ಮಿಹಾನಿಕೋಸ್ ಅಂತ ಒಂದು ಕುಣಿತವೇ ಉಂಟು ಅಲ್ಲಿ. ಅಜ್ಜ ಎರಡು ಹೆಜ್ಜೆ ಹಾಕಿ ತೋರಿಸಿದ್ರು, ನಾನು ಎಲ್ಲಿ ನೋಡೋದು ಅಂತ ಗೊತ್ತಾಗದೆ ಕಲ್ಲನ್ನೇ ನೋಡಿದೆ.

ಎರಡು ಬಣ್ಣದ್ದೂ ಒಂದೊಂದು ತಗೊಂಡೆ, ಹಳದಿಗೆ 12 ಯೂರೋ, ಕಂದಿಗೆ 18. ಬಿಲ್ ಆದ್ಮೇಲೆ ಕೇಳಿದ್ರೆ ಹಳದಿ ಅಮೆರಿಕ ಕಡೆಯ ಮಾಲಂತೆ! 1986ರಿಂದ ಮೆಡಿಟರೇನಿಯನ್ ಕಡಲಿನ ಸ್ಪಂಜಿಗೆ ರೋಗ ಹಿಡಿದು ಕೊಳೆತು ಹೋಯ್ತು, ಹೊರಗಿಂದ ತರಿಸ್ತಾರೆ. ತರಿಸ್ಲಿ, ಆದ್ರೆ ಕಲ್ಲು ಎತ್ತಿಸುವ ಮೊದಲು ಹೇಳ್ಬೇಕಿತ್ತಲ್ವಾ. ಕಾಸರಗೋಡು ಸೀರೆ ಅಂತ ಪವರ್‌ಲೂಮಿನದ್ದು ಕೊಟ್ರೆ ನಾವು ಸುಮ್ನಿರ್ತೇವಾ?

ಹಳದಿ ಅಂದ್ರೆ ಬ್ಲೀಚ್ ಮಾಡಿದ್ದು, ನೋಡ್ಲಿಕ್ಕೆ ಚಂದ, ನಾರಿಗೆ ಜೀವ ಇಲ್ಲ. ಎಂಟು ತಿಂಗಳಲ್ಲಿ ಪುಡಿಪುಡಿಯಾಗಿ ಬಚ್ಚಲಿನ ಮೋರಿ ಕಟ್ತು. ಕಂದು ಒಣಗಿದಾಗ ತೆಂಗಿನ ಸಿಪ್ಪೆ ತರ ಗಟ್ಟಿ, ನೀರಿಗೆ ಹಾಕಿದ ಕೂಡ್ಲೇ ಉಬ್ಬಿ ಇಡ್ಲಿಯಷ್ಟು ಮೆತ್ತಗೆ, ಸಾಬೂನು ಒಂದು ಸಲ ಸವರಿದ್ರೆ ಮೈಯೆಲ್ಲ ನೊರೆ. ಹೀರೆಕಾಯಿ ನಾರಿನ ಹಾಗೆ ಗೀರುವುದಿಲ್ಲ, ಮಗುವಿಗೂ ಆಗ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಮಾತ್ರ ಒಣಗೋದೇ ಇಲ್ಲ, ನಾರ್ತದೆ, ಅಡುಗೆಯ ಸೋಡಾಪುಡಿ ನೀರಲ್ಲಿ ನೆನೆಸಿಟ್ರೆ ಸರಿಯಾಗ್ತದೆ. ಕುದಿಸ್ಬೇಡಿ, ಮುದುಡಿ ಹೋಗ್ತದೆ.

ಕಂದಿಗೆ ನಾಲ್ಕೂವರೆ, ಹಳದಿಗೆ ಒಂದೂವರೆ, ಅಂಗಡಿಗೆ ಎರಡು.

ಹಾಂ, ಇದು ಗಿಡ ಅಲ್ಲ ಪ್ರಾಣಿ ಅಂತ ಅಮ್ಮನ ಹತ್ರ ಬಾಯಿಬಿಟ್ಟದ್ದು ದೊಡ್ಡ ತಪ್ಪು. ಅವತ್ತಿಂದ ಅದು ಬಚ್ಚಲಿನ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ರ ಮೊಳೆಯಲ್ಲಿ ನೇತಾಡ್ತಾ ಉಂಟು, ಸ್ನಾನಕ್ಕೆ ಹೋಗುವಾಗ ನಾನೇ ತಗೊಂಡು ಹೋಗ್ಬೇಕು.