ಬಗ್‌ನಿಂದ ಬಲ ಬಂದ ಆಯುಧಕ್ಕೆ ದುಡ್ಡು ಸುರಿಯಬೇಡಿ: ವಾರಿಯರ್ ಆಡುವವರಿಗೆ ಎಚ್ಚರಿಕೆ

ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಹುಡುಗರು ಸೇರಿ ಒಂದು ಆನ್‌ಲೈನ್ ಆಟದಲ್ಲಿ ಕಟ್ಟಿದ ಗಿಲ್ಡ್ (ಆಟಗಾರರ ತಂಡ) ಒಂದರ ವಾರಿಯರ್‌ಗಳೆಲ್ಲ ಈ ಮಳೆಗಾಲದಲ್ಲಿ ಒಂದೇ ಹೊಂಡಕ್ಕೆ ಬಿದ್ದರು. ಆಟದ ಹೆಸರು ಇಲ್ಲಿ ಬೇಡ, ಇಂಥದ್ದು ಯಾವ ಆಟದಲ್ಲೂ ಆಗಬಹುದು. ಹೊಸ ಅಪ್‌ಡೇಟಿನಲ್ಲಿ ಎರಡು ಕೈಯಲ್ಲಿ ಹಿಡಿಯುವ ಒಂದು ಕೊಡಲಿ ಬಂತು. ಹೊಡೆದರೆ ಎದುರಾಳಿಗೆ ರಕ್ತ ಸೋರುವ ಎಫೆಕ್ಟ್, ಅದು ಐದರ ತನಕ ಒಂದರ ಮೇಲೊಂದು ಸೇರುತ್ತದೆ (ಸ್ಟ್ಯಾಕ್). ಡ್ಯಾಮೇಜ್ (ಪೆಟ್ಟಿನ ಬಲ) ನೋಡಿದವರೇ ಹಳೆಯ ಕತ್ತಿ, ಗುರಾಣಿ ಮಾರಿದರು. ಯುಪಿಐಯಲ್ಲಿ ಟಾಪ್‌ಅಪ್ ಮಾಡಿ ಅಪ್‌ಗ್ರೇಡ್ ಕಲ್ಲು ಕೊಂಡು ಕೊಡಲಿಯನ್ನು +10ಕ್ಕೆ, ಅಂದರೆ ಹತ್ತನೇ ಮಟ್ಟಕ್ಕೆ, ಏರಿಸಿದರು. ಮುಂದಿನ ಪ್ಯಾಚ್ (ತಪ್ಪು ತಿದ್ದುವ ಅಪ್‌ಡೇಟ್) ಬಂದಾಗ ಕೊಡಲಿ ಆ ಹಳೆಯ ಕತ್ತಿಗಿಂತಲೂ ಕೆಳಗೆ ಇಳಿಯಿತು. ಕಲ್ಲೂ ವಾಪಸ್ಸಿಲ್ಲ, ದುಡ್ಡೂ ವಾಪಸ್ಸಿಲ್ಲ.

ಕೊಡಲಿಗೆ ಅಷ್ಟು ಬಲ ಬಂದದ್ದು ಬಗ್‌ನಿಂದ, ಅಂದರೆ ಪ್ರೋಗ್ರಾಮಿನ ತಪ್ಪಿನಿಂದ. ಬೇಸರದ ಸಂಗತಿ ಏನೆಂದರೆ ಈ ಬಗ್ ಕಾಂಬ್ಯಾಟ್ ಲಾಗಿನಲ್ಲಿ (ಪ್ರತಿ ಹೊಡೆತದ ಸಂಖ್ಯೆ ದಾಖಲಾಗುವ ಪಟ್ಟಿಯಲ್ಲಿ) ಮೊದಲ ದಿನದಿಂದಲೇ ಕಾಣುತ್ತಿತ್ತು. ಲೆಕ್ಕಕ್ಕೆ ದುಂಡು ಸಂಖ್ಯೆ ಇಟ್ಟುಕೊಳ್ಳೋಣ. ಕೊಡಲಿಯ ಮೂಲ ಡ್ಯಾಮೇಜ್ 400. +10 ಆದಾಗ ಶೇ. 60 ಹೆಚ್ಚಿ 640. ರಕ್ತ ಸೋರುವುದು ಸೆಕೆಂಡಿಗೆ ಆಯುಧದ ಡ್ಯಾಮೇಜಿನ ಶೇ. 30 ಎಂದು ವಿವರಣೆಯಲ್ಲಿ ಉಂಟು, ಅಂದರೆ 192 ಬರಬೇಕು. ಲಾಗಿನಲ್ಲಿ ಬರುವುದು 307. ಆ 307ನ್ನು 192ರಿಂದ ಭಾಗಿಸಿ ನೋಡಿ: 1.6. ಅದು ನಿಮ್ಮ ಅಪ್‌ಗ್ರೇಡಿನ ಗುಣಕವೇ. ಅಪ್‌ಗ್ರೇಡ್ ಒಮ್ಮೆ ಆಯುಧಕ್ಕೆ, ಇನ್ನೊಮ್ಮೆ ರಕ್ತಕ್ಕೆ, ಹೀಗೆ ಎರಡು ಸಲ ಗುಣಾಕಾರವಾಗಿದೆ. ಬಂದ ಸಂಖ್ಯೆಯನ್ನು ಬರಬೇಕಾದ ಸಂಖ್ಯೆಯಿಂದ ಭಾಗಿಸಿದಾಗ ನಿಮಗೆ ಪರಿಚಯವಿರುವ ಯಾವುದೋ ಗುಣಕ ಸಿಕ್ಕಿತೆಂದರೆ ಬಗ್ ಎಂದು ಬಲವಾಗಿ ಅನುಮಾನಿಸಬಹುದು.

+0 ಕೊಡಲಿಯಲ್ಲಿ ಇದೇ ಪರೀಕ್ಷೆ ಮಾಡಿದರೆ ಸರಿಯಾಗಿ 120 ಬರುತ್ತದೆ, ತಪ್ಪೇ ಇಲ್ಲ. +0ರಲ್ಲಿ ಗುಣಕ ಒಂದು, ಒಂದರಿಂದ ಎಷ್ಟು ಸಲ ಗುಣಿಸಿದರೂ ಒಂದೇ ಅಲ್ಲವೇ? ಆಟ ಮಾಡಿದವರ ಕಣ್ಣಿಗೂ ಇದು ತಪ್ಪಿಹೋಗುವುದು ಹೀಗೆಯೇ. ಅಪ್‌ಗ್ರೇಡ್ ಏರಿದಂತೆ ಬಗ್‌ನ ಪಾಲೂ ಏರುತ್ತದೆ. ಹಾಗಾಗಿ ಯಾರು ಅತಿ ಹೆಚ್ಚು ಖರ್ಚು ಮಾಡಿದ್ದಾರೋ ಸರಿಪಡಿಸಿದ ದಿನ ಅವರಿಗೇ ಅತಿ ಹೆಚ್ಚು ಪೆಟ್ಟು. ಸೆಕೆಂಡಿಗೆ ಒಂದು ಹೊಡೆತ, ಐದು ಸ್ಟ್ಯಾಕ್ ಎಂದು ಹಿಡಿದರೆ ಬಗ್ ಇದ್ದಾಗ 640 ಮತ್ತು ಐದು 307, ಒಟ್ಟು 2,175. ಸರಿಪಡಿಸಿದ ಮೇಲೆ 1,600. ಅದರ ಜೊತೆಗೇ ಬ್ಯಾಲೆನ್ಸ್ (ಆಯುಧಗಳ ಬಲ ಸರಿದೂಗಿಸುವುದು) ಎಂದು ರಕ್ತ ಸೋರುವ ಶೇ. 30ನ್ನು 25ಕ್ಕೆ ಇಳಿಸಿದರೆ 1,440. ಮೂರರಲ್ಲೊಂದು ಪಾಲು ಒಂದೇ ಪ್ಯಾಚಿಗೆ ಹೋಯಿತು.

ಕಲ್ಲಿನ ಖರ್ಚಿನಲ್ಲೂ ಹೀಗೇ ಮೋಸಹೋಗುತ್ತಾರೆ. ಕಲ್ಲು ಹಾಕಿದಾಗ ಅಪ್‌ಗ್ರೇಡ್ ಆಗುವ ಸಾಧ್ಯತೆ ಶೇ. 30 ಎಂದರೆ ಮೂರು ನಾಲ್ಕು ಪ್ರಯತ್ನಕ್ಕೆ ಆಗಿಯೇ ಆಗುತ್ತದೆ ಎಂದು ಭಾವಿಸಬೇಡಿ. ಸತತ ಐದು ಸಲ ಸೋಲುವ ಸಾಧ್ಯತೆ ಶೇ. 16.8, ಅಂದರೆ ಆರು ಜನರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ಆ ಒಬ್ಬರೇ ರಾತ್ರಿ ಕುಳಿತು ಮತ್ತೆ ಮತ್ತೆ ಟಾಪ್‌ಅಪ್ ಮಾಡುವವರು.

ದುಡ್ಡು ಹಾಕುವ ಮೊದಲು ಆಟದಲ್ಲಿ ಅಭ್ಯಾಸಕ್ಕೆಂದೇ ಇರುವ ಗೊಂಬೆಯ (ಟ್ರೈನಿಂಗ್ ಡಮ್ಮಿ) ಎದುರು ನಿಂತು ಪರೀಕ್ಷಿಸಿ. ಪಾರ್ಟಿ ಬಿಟ್ಟು ಒಬ್ಬರೇ ಹೋಗಿ, ಬಲ ಹೆಚ್ಚಿಸುವ ಊಟ (ಬಫ್), ಔಷಧಿ, ಜೊತೆಗಿರುವ ಪ್ರಾಣಿ (ಪೆಟ್) ಎಲ್ಲ ತೆಗೆಯಿರಿ. ಒಂದೇ ಆಯುಧದ ಎರಡು ಪ್ರತಿ ಬೇಕು, ಒಂದು +0, ಇನ್ನೊಂದು ಸ್ವಲ್ಪ ಏರಿಸಿದ್ದು. +3 ಸಾಕು. ಗಿಲ್ಡಿನವರ ಹತ್ತಿರ ಇದ್ದರೆ ಅವರಿಂದಲೇ ಹೊಡೆಸಿ. ಎರಡರಲ್ಲೂ ಮೂರು ನಿಮಿಷ ಬರೀ ಸಾಧಾರಣ ಹೊಡೆತ. ಲಾಗಿನಲ್ಲಿ ಕ್ರಿಟಿಕಲ್ (ಆಗಾಗ ತಾನಾಗಿ ಬೀಳುವ ಹೆಚ್ಚು ಬಲದ ಹೊಡೆತ) ಬಿದ್ದ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಲೆಕ್ಕ ಹಾಕಿ, ಹೊಡೆತ ಬೇರೆ, ಎಫೆಕ್ಟ್ ಬೇರೆ. ಎಫೆಕ್ಟ್ ನಡೆಯುತ್ತಿರುವಾಗಲೇ ಆಯುಧ ಬದಲಿಸಿಯೂ ನೋಡಿ. ಕೈಯಲ್ಲಿ ಕತ್ತಿ ಇದ್ದರೂ ಕೊಡಲಿಯ ಸಂಖ್ಯೆಯೇ ಮುಂದುವರಿದರೆ ಅದನ್ನು ನಂಬಿ ಬಿಲ್ಡ್ (ಆಯುಧ, ಕೌಶಲಗಳ ಜೋಡಣೆ) ಕಟ್ಟಬೇಡಿ. ಅಂಥದ್ದನ್ನು ಪ್ಯಾಚಿನಲ್ಲಿ ತೆಗೆದುಹಾಕುವುದು ತುಂಬ ಸಾಮಾನ್ಯ.

ದೊಡ್ಡ ಆಟಗಳಲ್ಲೂ ಇದು ನಡೆದಿದೆ. 2017ರ ಡಿಸೆಂಬರಿನಲ್ಲಿ ಡೆಸ್ಟಿನಿ 2ರ ಪ್ರೊಮೀಥಿಯಸ್ ಲೆನ್ಸ್ ಎಂಬ ಬಂದೂಕು ಬಗ್‌ನಿಂದಾಗಿ ಎದುರಾಳಿಗಳನ್ನು ಕ್ಷಣದಲ್ಲಿ ಕರಗಿಸುತ್ತಿತ್ತು. ಅದೇ ವಾರಾಂತ್ಯ ಆಟದೊಳಗಿನ ವ್ಯಾಪಾರಿಯೇ ಅದನ್ನು ಮಾರಾಟಕ್ಕಿಟ್ಟ, ಆಮೇಲೆ ಪ್ಯಾಚ್ ಬಂದು ಅದು ಸಪ್ಪೆಯಾಯಿತು. 2015ರ ಡಿಸೆಂಬರಿನಲ್ಲಿ ಕೌಂಟರ್ ಸ್ಟ್ರೈಕ್‌ಗೆ ಬಂದ ಆರ್8 ರಿವಾಲ್ವರ್ ಕೆಲವೇ ದಿನಗಳಲ್ಲಿ ಹಲ್ಲು ಕಿತ್ತಂತಾಯಿತು.

ಬಗ್ ಇಲ್ಲದೆಯೂ ಆಯುಧ ಇಳಿಯಬಹುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಳೆಯ ಸೂತ್ರದಲ್ಲಿ ವಾರಿಯರ್‌ನ ಅಟ್ಯಾಕ್ ಪವರನ್ನು 14ರಿಂದ ಭಾಗಿಸಿ ಆಯುಧದ ವೇಗದಿಂದ (ಎರಡು ಹೊಡೆತಗಳ ನಡುವಿನ ಸೆಕೆಂಡುಗಳಿಂದ) ಗುಣಿಸುತ್ತಿದ್ದರು. ಆರ್ಕನೈಟ್ ರೀಪರ್ ಎಂಬ ಕೊಡಲಿಯ ವೇಗ 3.8. ಪವರ್ 1,000 ಇದ್ದರೆ ಒಂದು ಹೊಡೆತಕ್ಕೆ 271 ಸೇರುತ್ತಿತ್ತು. ಮುಂದೆ ತತ್‌ಕ್ಷಣದ ಹೊಡೆತಗಳಿಗೆ ಎಲ್ಲ ಎರಡು ಕೈಯ ಆಯುಧಗಳಿಗೂ 3.3 ಎಂದು ನಿಗದಿ ಮಾಡಿದಾಗ ಅದು 236 ಆಯಿತು. ಇದು ಯೋಚಿಸಿ ಮಾಡಿದ ಬ್ಯಾಲೆನ್ಸ್, ಇದರ ಬಗ್ಗೆ ದೂರು ಕೊಟ್ಟು ಉಪಯೋಗವಿಲ್ಲ. ವೇಗ ಹೆಚ್ಚಿಸುವ ರತ್ನ ಕೊಳ್ಳುವವರು ಫ್ರೇಮ್ (ಪರದೆಯ ಒಂದೊಂದು ಚಿತ್ರ) ಲೆಕ್ಕವನ್ನೂ ತಿಳಿದಿರಬೇಕು. ಡಯಾಬ್ಲೊ 2 ಸೆಕೆಂಡಿಗೆ 25 ಫ್ರೇಮಿನಲ್ಲಿ ನಡೆಯುತ್ತದೆ. 10 ಫ್ರೇಮಿನ ಹೊಡೆತ 9ಕ್ಕೆ ಇಳಿಯುವಷ್ಟು ವೇಗ ಸೇರದಿದ್ದರೆ ನಡುವೆ ಹಾಕಿದ್ದೆಲ್ಲ ದಂಡ.

ಇನ್ನು ನಮ್ಮ ಕಡೆಯ ನೆಟ್. ಹೊಡೆತ ತಾಗಿದ್ದು ಕಂಡಿತು, ಡ್ಯಾಮೇಜ್ ಬರಲಿಲ್ಲ ಎಂಬ ದೂರನ್ನು ತಕ್ಷಣ ಬಗ್ ಎಂದು ಬರೆಯಬೇಡಿ. ತಲಪಾಡಿ ಗಡಿಯ ಹತ್ತಿರ ಫೋನು ಒಮ್ಮೆ ಆಚೆಯ ಟವರು, ಒಮ್ಮೆ ಈಚೆಯ ಟವರು ಹಿಡಿಯುವುದುಂಟು. ಆ ಕ್ಷಣದಲ್ಲಿ ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಮಾಹಿತಿಯ ತುಣುಕು) ಕಳೆದರೆ ಸರ್ವರಿಗೆ ನಿಮ್ಮ ಹೊಡೆತದ ಸುದ್ದಿಯೇ ತಲುಪುವುದಿಲ್ಲ. ಕೇಬಲ್ ಹಾಕಿ ನೂರು ಪ್ಯಾಕೆಟಿನ ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಮಾಡಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ. ಒಂದೂ ಕಳೆಯದೆ ಇದ್ದು ಹೊಡೆತ ಆಗಲೂ ತಪ್ಪಿದರೆ ಮಾತ್ರ ಮುಂದಿನ ಹೆಜ್ಜೆ.

ಬಗ್ ಖಚಿತವಾದರೆ ಬಳಸುವುದನ್ನು ನಿಲ್ಲಿಸಿ, ವರದಿ ಕಳಿಸಿ. ಆಟದ ಆವೃತ್ತಿ, ಸರ್ವರ್, ಆಯುಧದ ಮಟ್ಟ, ಹಂತ ಹಂತವಾಗಿ ಮಾಡಿದ್ದು, 20 ಸಲದಲ್ಲಿ ಎಷ್ಟು ಸಲ ಆಯಿತು, ಲಾಗ್ ಕಾಣುವ ವಿಡಿಯೋ, ಇಷ್ಟು ಇರಲಿ. ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಬರೆಯಿರಿ, ನಮ್ಮ ರಾತ್ರಿ 9:30 ಅಂದರೆ ಅಲ್ಲಿ 16:00.

ಈಗಾಗಲೇ ಕೊಡಲಿ ಏರಿಸಿದವರು ಸಿಟ್ಟಿನಲ್ಲಿ ಒಡೆದು ಹಾಕಬೇಡಿ ಮಾರಾಯ್ರೆ. ಇನ್ನೊಂದು ಪ್ಯಾಚ್ ತನಕ ಪೆಟ್ಟಿಗೆಯಲ್ಲಿಡಿ. ಕಂಪನಿ ಮುಂದೆ ಕಲ್ಲು ಹಿಂದಿರುಗಿಸಿದರೂ ಆಯುಧ ಕೈಯಲ್ಲಿ ಇಲ್ಲದವರಿಗೆ ಅದು ಸಿಗದೆ ಹೋಗಬಹುದು. ನಷ್ಟ ತುಂಬಿಕೊಳ್ಳಲು ವಾಟ್ಸಾಪ್ ಗುಂಪಿನಲ್ಲಿ ಯಾರದೋ ಐಡಿ (ಆಟದ ಖಾತೆ) ಕೊಳ್ಳುವುದಂತೂ ಬೇಡವೇ ಬೇಡ. ಖಾತೆ ತೆರೆದ ಮೊದಲ ಇಮೇಲ್ ಯಾರದ್ದೋ, ರಿಕವರಿ (ಖಾತೆ ಮರಳಿ ಪಡೆಯುವ ಕೋರಿಕೆ) ಹಾಕಿ ಐಡಿ ಹಿಂದೆ ಎಳೆದುಕೊಳ್ಳುವವರೂ ಅವರೇ.