ಒಂದೇ ದ್ರಾಕ್ಷಿ, ಎರಡು ರುಚಿ: ಕಾಖೇತಿಯ ದೊಡ್ಡ ವೈನರಿಯೋ, ಮನೆಯ ಮರಾನಿಯೋ?

ದುಬೈನಿಂದ ತ್ಬಿಲಿಸಿಗೆ ವಿಮಾನದಲ್ಲಿ ಮೂರೂವರೆ ಗಂಟೆ. ಇಲ್ಲಿರುವ ನಮ್ಮ ಕನ್ನಡದವರು ನಾಲ್ಕು ದಿನ ರಜೆ ಸಿಕ್ಕರೆ ಜಾರ್ಜಿಯಾಗೆ ಹೋಗಿ ಬರುತ್ತಾರೆ. ಹೆಚ್ಚಿನವರು ಹಿಮ ನೋಡೋಕೆ ಹೋಗುತ್ತಾರೆ. ನಾನು ಹೋಗಿದ್ದು ದ್ರಾಕ್ಷಿ ನೋಡೋಕೆ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಮನೆ. ಅಪ್ಪ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ಈಗ ತೋಟ ನೋಡಿಕೊಳ್ಳುವುದು ತಮ್ಮ. ಊರಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಶುರುವಾದರೆ ಅವನು ಎಲ್ಲೂ ಕದಲುವ ಹಾಗಿಲ್ಲ. ಅದಕ್ಕೇ ಸೆಪ್ಟೆಂಬರ್ ಕೊನೆಯ ವಾರ ಅವನನ್ನೂ ಕರೆದುಕೊಂಡು ಹೊರಟೆ. ಜಾರ್ಜಿಯಾದ ಪೂರ್ವಕ್ಕಿರುವ ಕಾಖೇತಿಯಲ್ಲಿ ಅದು ಕೊಯ್ಲಿನ ಕಾಲ. ಅವರು ಅದನ್ನು ರ್ತ್ವೇಲಿ ಎನ್ನುತ್ತಾರೆ.

ಒಂದೇ ದಿನದಲ್ಲಿ ಎರಡು ಕಡೆ ವೈನ್ ರುಚಿ ನೋಡಿದೆವು. ಒಂದು ದೊಡ್ಡ ಕಂಪನಿಯ ಸೆಲ್ಲರ್. ಇನ್ನೊಂದು ತೆಲಾವಿ ಹತ್ತಿರದ ಹಳ್ಳಿಯ ಒಂದು ಕುಟುಂಬದ ಮರಾನಿ, ಅಂದರೆ ವೈನ್ ಮಾಡಿ ಇಡುವ ಕೋಣೆ. ಎರಡೂ ಕಡೆ ಹೋಲಿಸಿ ನೋಡಿದ್ದು ರ್ಕತ್ಸಿತೆಲಿ ಎಂಬ ಒಂದೇ ಬಿಳಿ ದ್ರಾಕ್ಷಿಯ ವೈನ್. ಹೆಸರಿನ ಅರ್ಥ ಕೆಂಪು ಕಡ್ಡಿ. ಬಳ್ಳಿಯ ಕಡ್ಡಿ ನಿಜಕ್ಕೂ ಸ್ವಲ್ಪ ಕೆಂಪಗಿರುತ್ತದೆ.

ಮೊದಲು ದೊಡ್ಡದು. ಅಲ್ಲಿ ನನಗೆ ಇಷ್ಟವಾದದ್ದು ಕಡಿಮೆಯೇನಲ್ಲ. ಗುಡ್ಡ ಕೊರೆದು ಮಾಡಿದ ಸುರಂಗ, ಒಳಗೆ ವರ್ಷವಿಡೀ ತಂಪು, ಉದ್ದಕ್ಕೂ ಬಾಟಲಿಗಳ ಸಾಲು. ಸ್ಟೀಲ್ ಟ್ಯಾಂಕ್ ತೋರಿಸಿ ಇಂಗ್ಲಿಷಿನಲ್ಲಿ ಚೆನ್ನಾಗಿ ವಿವರಿಸಿದರು. ಹಣ್ಣು ಹಿಂಡಿದ ಕೂಡಲೇ ಸಿಪ್ಪೆ, ಬೀಜ ಬೇರೆ ಮಾಡುತ್ತಾರೆ. ಬರೀ ರಸ ಟ್ಯಾಂಕಿಗೆ ಹೋಗುತ್ತದೆ. ಬಿಸಿ ಏರದಂತೆ ಯಂತ್ರ ನೋಡಿಕೊಳ್ಳುತ್ತದೆ. ಹಾಗೆ ಬಂದ ರ್ಕತ್ಸಿತೆಲಿ ತೆಳು ಹಳದಿ. ಹಸಿರು ಸೇಬಿನ ಹುಳಿ, ನಿಂಬೆಯ ವಾಸನೆ, ಬಾಯಿ ಸ್ವಚ್ಛ. ನಮ್ಮ ಕಡೆಯ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಗುಂಪಿನಲ್ಲಿ ಇಪ್ಪತ್ತೈದು ಜನ. ನಾಲ್ಕು ಗ್ಲಾಸು, ನಲವತ್ತು ನಿಮಿಷ. ಎಕರೆಗೆ ಎಷ್ಟು ಇಳುವರಿ ಎಂದು ತಮ್ಮ ಕೇಳಿದ. ವಿವರಿಸುತ್ತಿದ್ದ ಗೈಡ್ ಹುಡುಗಿಗೆ ಅದು ಗೊತ್ತಿರಲಿಲ್ಲ. ಅವಳ ತಪ್ಪಲ್ಲ, ಅವಳ ಕೆಲಸ ಬೇರೆ. ಆದರೆ ತೋಟದವರು ಯಾರೂ ಅಲ್ಲಿ ಕಾಣಲೇ ಇಲ್ಲ.

ಊಟಕ್ಕೆ ಮೊದಲು ಅಲಾವೆರ್ದಿ ಮಠಕ್ಕೂ ಹೋಗಿ ಬಂದೆವು. 11ನೇ ಶತಮಾನದ ಎತ್ತರದ ಚರ್ಚು, ಹಿಂದೆ ಕಾಕಸಸ್ ಬೆಟ್ಟಗಳು. ಅಲ್ಲಿನ ಸನ್ಯಾಸಿಗಳೂ ವೈನ್ ಮಾಡುತ್ತಾರೆ. ನಾವು ಅಲ್ಲಿ ರುಚಿ ನೋಡಲಿಲ್ಲ, ಹಾಗಾಗಿ ಹೋಲಿಕೆಗೆ ಸೇರಿಸಿಲ್ಲ. ಹೋಗುವ ಹೆಂಗಸರು ತಲೆಗೆ ಹೊದೆಯಲು ದುಪಟ್ಟಾ ಇಟ್ಟುಕೊಳ್ಳಿ.

ಮಧ್ಯಾಹ್ನ ಆ ಹಳ್ಳಿ ಮನೆಗೆ ಹೋದಾಗ ಬೋರ್ಡೂ ಇರಲಿಲ್ಲ, ಕೌಂಟರೂ ಇರಲಿಲ್ಲ. ಗೇಟಿನ ಮೇಲೆ ದ್ರಾಕ್ಷಿ ಬಳ್ಳಿಯ ಚಪ್ಪರ. ಅಂಗಳದಲ್ಲಿ ಟ್ರ್ಯಾಕ್ಟರ್, ಅದರ ಟ್ರೇಲರಿನಲ್ಲಿ ಹಣ್ಣು. ಮನೆಯ ಯಜಮಾನರು ಕೈ ಒರೆಸಿಕೊಳ್ಳುತ್ತಾ ಬಂದರು. ಅಂಗೈ ಪೂರ್ತಿ ನೇರಳೆ. ಬೆಳಿಗ್ಗೆ ಸಪೆರಾವಿ ತುಳಿದಿದ್ದರಂತೆ. ಸಪೆರಾವಿ ಎಂದರೆ ಅವರ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ಆ ಕಪ್ಪು ಹಣ್ಣಿನ ಒಳಗಿನ ತಿರುಳೂ ಕೆಂಪು. ಅವರ ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

ಮರಾನಿಯ ಒಳಗೆ ಪಾತ್ರೆ, ಪೀಪಾಯಿ ಏನೂ ಕಾಣಲಿಲ್ಲ. ಬರೀ ನೆಲ, ಅದರಲ್ಲಿ ದುಂಡಗಿನ ಬಾಯಿಗಳು. ಒಂದರ ಮುಚ್ಚಳ ತೆಗೆದರು. ತಮ್ಮ ಬಗ್ಗಿ ನೋಡಿ, "ಅಕ್ಕಾ, ಇದು ನಮ್ಮ ಹಗೇವ್ ಇದ್ದಂಗ ಐತಿ ನೋಡ" ಎಂದ. ನನಗೂ ಅದೇ ಅನ್ನಿಸಿತ್ತು. ಅಜ್ಜನ ಕಾಲದಲ್ಲಿ ನಮ್ಮ ಊರಲ್ಲಿ ಜೋಳ ತುಂಬಿ ಮುಚ್ಚುತ್ತಿದ್ದ ಹಗೇವು ನೆನಪಾಯಿತು. ಇಲ್ಲಿ ಗುಂಡಿಯೊಳಗೆ ಮಣ್ಣಿನ ದೊಡ್ಡ ಹಂಡೆ ಹೂತಿಟ್ಟಿರುತ್ತಾರೆ. ಮೊಟ್ಟೆಯಾಕಾರ, ಕೆಳಗೆ ಚೂಪು. ಅದರ ಹೆಸರು ಕ್ವೆವ್ರಿ. ಒಳಗೆ ಜೇನುಮೇಣ ಸವರಿರುತ್ತಾರೆ. ಸುತ್ತಲಿನ ಮಣ್ಣೇ ಅದನ್ನು ತಂಪಾಗಿ ಇಡುತ್ತದೆ, ಕರೆಂಟ್ ಬೇಕಿಲ್ಲ.

ಕಾಖೇತಿಯ ಪದ್ಧತಿ ಹೀಗಿದೆ. ಹಣ್ಣು ತುಳಿದು ರಸ, ಸಿಪ್ಪೆ, ಬೀಜ, ಎಷ್ಟೋ ಕಡೆ ಕಡ್ಡಿ ಕೂಡ ಕ್ವೆವ್ರಿಗೆ ಸುರಿಯುತ್ತಾರೆ. ಹೊರಗಿನ ಯೀಸ್ಟ್ ಹಾಕುವುದಿಲ್ಲ, ಹಣ್ಣಿನ ಜೊತೆ ಬಂದದ್ದೇ ಸಾಕು. ಹುದುಗು ಎದ್ದಾಗ ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಅದನ್ನು ಮರದ ಕೋಲಿನಿಂದ ದಿನಕ್ಕೆ ಹಲವು ಸಲ ಒಳಗೆ ಒತ್ತಬೇಕು. ರಾತ್ರಿಯೂ ಎದ್ದು ಒತ್ತುತ್ತೇವೆ ಎಂದರು. ತಮ್ಮನ ಕೈಗೂ ಕೋಲು ಕೊಟ್ಟರು. ಒತ್ತಿದಾಗ ಗುಳುಗುಳು ಸದ್ದು, ಮೂಗಿಗೆ ಹೊಡೆಯುವ ಗಾಳಿ. ಆ ಗಾಳಿ ಅಪಾಯದ್ದು. ತೊಳೆಯಲು ಕ್ವೆವ್ರಿಯೊಳಗೆ ಇಳಿಯುವ ಮೊದಲು ಮೇಣದಬತ್ತಿ ಇಳಿಸಿ ನೋಡುತ್ತಾರಂತೆ. ನಮ್ಮಲ್ಲೂ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸುತ್ತಿದ್ದರು. ಇದನ್ನು ಹೇಳಿದಾಗ ಯಜಮಾನರು ನನ್ನ ತಮ್ಮನ ಭುಜ ತಟ್ಟಿದರು.

ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಸಿಪ್ಪೆ, ಬೀಜ ಮೆಲ್ಲಗೆ ತಳದ ಚೂಪಿಗೆ ಇಳಿಯುತ್ತವೆ. ತೆರೆಯುವುದು ವಸಂತದಲ್ಲಿ, ಐದಾರು ತಿಂಗಳ ನಂತರ. ತ್ಬಿಲಿಸಿಯ ದಕ್ಷಿಣಕ್ಕೆ ಗಡಾಚ್ರಿಲಿ ಗೋರಾ ಎಂಬಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8000 ವರ್ಷ ಹಿಂದಿನ ವೈನಿನ ಗುರುತು ಇದೆ ಎಂದು 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಕ್ವೆವ್ರಿ ಪದ್ಧತಿಯನ್ನು ಯುನೆಸ್ಕೋ 2013ರಲ್ಲೇ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಸೋವಿಯತ್ ಕಾಲದಲ್ಲಿ ಹೆಚ್ಚಿನ ಹಣ್ಣು ಸರ್ಕಾರಿ ಕಾರ್ಖಾನೆಗೆ ಹೋಗುತ್ತಿತ್ತು. ಮನೆ ಬಳಕೆಗೆ ಅಂತ ಒಂದೋ ಎರಡೋ ಕ್ವೆವ್ರಿ ಉಳಿಸಿಕೊಂಡ ಇಂಥ ಮನೆಗಳಿಂದಲೇ ಈ ವಿದ್ಯೆ ಉಳಿಯಿತು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ತರಿಸುವುದನ್ನೇ ನಿಲ್ಲಿಸಿದಾಗ ಇವರ ಹಣ್ಣು ಕೇಳುವವರಿರಲಿಲ್ಲವಂತೆ. ಆಮೇಲೆ ತಾವೇ ಬಾಟಲಿ ತುಂಬತೊಡಗಿದರು.

ಈಗ ಗ್ಲಾಸಿಗೆ ಬರೋಣ. ಹಿಂದಿನ ವರ್ಷದ ರ್ಕತ್ಸಿತೆಲಿ ಸುರಿದರು. ಬೆಳಿಗ್ಗೆ ಕುಡಿದ ಅದೇ ದ್ರಾಕ್ಷಿ ಎಂದರೆ ನಂಬುವುದು ಕಷ್ಟ. ಹಾಲು ಹಾಕದ ಚಹಾದ ಬಣ್ಣ. ಜರ್ದಾಳು, ಜೇನು, ಅಕ್ರೋಟಿನ ಸಿಪ್ಪೆಯ ವಾಸನೆ. ನನಗಂತೂ ನಮ್ಮ ಒಣದ್ರಾಕ್ಷಿ ಶೆಡ್ಡಿನೊಳಗೆ ಕಾಲಿಟ್ಟ ಹಾಗಾಯಿತು. ಬಾಯಿಗೆ ಬಿಟ್ಟರೆ ಒಗರು. ಕೆಂಪು ವೈನಿನ ಒಗರು ಬಿಳಿ ದ್ರಾಕ್ಷಿಯಲ್ಲಿ! ಮೊದಲ ಗುಟುಕಿಗೆ ನನಗೆ ಹಿಡಿಸಲಿಲ್ಲ. ಆಮೇಲೆ ಅಜ್ಜಿ ಊಟ ತಂದಿಟ್ಟರು. ಬದನೆಕಾಯಿಯಲ್ಲಿ ಅಕ್ರೋಟು ಅರೆದು ಸುತ್ತಿದ ಬದ್ರಿಜಾನಿ, ಬಿಸಿ ರೊಟ್ಟಿ, ಕಾಳು ತುಂಬಿದ ಲೋಬಿಯಾನಿ. ನಮ್ಮ ಎಣ್ಣೆಗಾಯಿಗೆ ಸೇಂಗಾ ಹೇಗೋ, ಅವರ ಬದನೆಗೆ ಅಕ್ರೋಟು ಹಾಗೆ. ಆ ಎಣ್ಣೆಯ ಜೊತೆ ಒಗರು ಸರಿಯಾಗಿ ಕೂತಿತು. ಬೆಳಗಿನ ತೆಳು ವೈನ್ ಈ ಊಟದ ಮುಂದೆ ನಿಲ್ಲುತ್ತಿರಲಿಲ್ಲ.

ನನ್ನ ತಮ್ಮ ಟ್ರೇಲರಿನಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬೀಜ. ನಮ್ಮಲ್ಲಿ ಥಾಮ್ಸನ್ ತಳಿ ಬೆಳೆಯುತ್ತೇವೆ, ಬೀಜ ಇಲ್ಲ. ಹಣ್ಣು ಉದ್ದ ಆಗಲಿ ಅಂತ ಜಿಎ (ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಔಷಧಿ) ಹೊಡೆಯುತ್ತೇವೆ, ಸಿಪ್ಪೆ ತೆಳ್ಳಗಿದ್ದರೆ ಬೆಲೆ ಜಾಸ್ತಿ. ಇವರಿಗೆ ಬೇಕಾದ್ದು ಪೂರ್ತಿ ಉಲ್ಟಾ. ಆ ಬಣ್ಣ, ಆ ಒಗರು ಎರಡೂ ಬರುವುದು ನಾವು ಬೇಡವೆನ್ನುವ ಸಿಪ್ಪೆ, ಬೀಜಗಳಿಂದ. ಅವರು ವರ್ಷಕ್ಕೆ ಒಂದೇ ಸಲ ಚಾಟ್ನಿ ಮಾಡುತ್ತಾರೆ, ಚಳಿಗಾಲದಲ್ಲಿ ಬಳ್ಳಿ ಮಲಗುತ್ತದೆ. ನಮ್ಮದು ಎರಡು ಸಲ ಎಂದಾಗ ಯಜಮಾನರು ಬಳ್ಳಿಗೆ ಸುಸ್ತಾಗುವುದಿಲ್ಲವೇ ಎಂದು ಕೇಳಿದರು. ಇಳುವರಿಯ ಪ್ರಶ್ನೆಗೂ ಇಲ್ಲಿ ಉತ್ತರ ಸಿಕ್ಕಿತು. ತೋಟಕ್ಕೇ ಕರೆದುಕೊಂಡು ಹೋಗಿ ಗೊಂಚಲು ಎಣಿಸಿ ತೋರಿಸಿದರು.

ಮನೆಯ ಮರಾನಿಯಲ್ಲಿ ಕುಂದಿಲ್ಲ ಎಂದಲ್ಲ. ಒಂದು ಕ್ವೆವ್ರಿಯಲ್ಲಿದ್ದ ಕಿಸಿ ಎಂಬ ದ್ರಾಕ್ಷಿಯ ವೈನ್ ವಿನೆಗರ್ ಕಡೆಗೆ ವಾಲಿತ್ತು. ಯಜಮಾನರು ಮುಚ್ಚಿಡದೆ ಅವರೇ ಹೇಳಿದರು. ದೊಡ್ಡ ಕಡೆ ಹೀಗಾಗುವುದು ಅಪರೂಪ. ನೀವು ಇಂದು ಕುಡಿದದ್ದೇ ಮುಂದಿನ ವರ್ಷವೂ ಸಿಗುತ್ತದೆ. ಮನೆಯಲ್ಲಿ ವರ್ಷ ವರ್ಷಕ್ಕೂ, ಕ್ವೆವ್ರಿ ಕ್ವೆವ್ರಿಗೂ ರುಚಿ ಬೇರೆ. ಹೊತ್ತಿನ ಲೆಕ್ಕವೂ ಇಲ್ಲ. ಒಂದು ಗಂಟೆ ಅಂದುಕೊಂಡು ಹೋದವರು ಮೂರೂವರೆ ಗಂಟೆ ಕೂತೆವು. ಗ್ಲಾಸು ಎತ್ತುವ ಮೊದಲು ಯಾರಾದರೊಬ್ಬರು ನಾಲ್ಕು ಮಾತು ಆಡಬೇಕು. ಸತ್ತ ಹಿರಿಯರಿಗೆ, ಮಕ್ಕಳಿಗೆ, ದೂರದಿಂದ ಬಂದವರಿಗೆ, ಎಲ್ಲರಿಗೂ ಒಂದೊಂದು ಸಲ. ಕೊನೆಗೆ ಹಿಂಡಿ ಉಳಿದ ಸಿಪ್ಪೆಯಿಂದ ಬಟ್ಟಿ ಇಳಿಸಿದ ಚಾಚಾ ಬರುತ್ತದೆ. ಅದು ಬಲು ಖಾರ. ನಾನು ತುಟಿಗೆ ತಾಗಿಸಿ ಇಟ್ಟೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಕಾರು ನೀವೇ ಓಡಿಸಿಕೊಂಡು ಹೋಗಲೇಬೇಡಿ.

ಹಣದ ಮಾತು: ನಾವು ಕೊಟ್ಟದ್ದು ದೊಡ್ಡ ಕಡೆ ತಲೆಗೆ 35 ಲಾರಿ (ಜಾರ್ಜಿಯಾದ ಹಣದ ಹೆಸರೇ ಲಾರಿ), ಬರೀ ರುಚಿಗೆ. ಮನೆಯಲ್ಲಿ 80 ಲಾರಿ, ಊಟ ಸೇರಿ.

ವೈನ್ ಹೊಸತು, ಹೊತ್ತು ಕಡಿಮೆ, ಚಿಕ್ಕ ಮಕ್ಕಳಿದ್ದಾರೆ ಎಂದರೆ ದೊಡ್ಡದಕ್ಕೇ ಹೋಗಿ. ಒಂದನ್ನೇ ಆರಿಸು ಎಂದರೆ ನಾನು ಮನೆಯ ಮರಾನಿ ಎನ್ನುತ್ತೇನೆ, ಎರಡು ಮಾತಿಲ್ಲ. ಸಾಧ್ಯವಾದರೆ ಒಂದೇ ದಿನ ಎರಡಕ್ಕೂ ಹೋಗಿ, ಬೆಳಿಗ್ಗೆ ದೊಡ್ಡದು, ಮಧ್ಯಾಹ್ನ ಮನೆ. ಎರಡೂ ಕಡೆ ರ್ಕತ್ಸಿತೆಲಿಯನ್ನೇ ಕೇಳಿ. ನೇರವಾಗಿ ಕ್ವೆವ್ರಿ ವೈನ್ ಕುಡಿದರೆ ಇದೇನೋ ಕೆಟ್ಟಿದೆ ಅನ್ನಿಸಬಹುದು. ತೆಳು ವೈನ್ ನಾಲಿಗೆಯಲ್ಲಿ ಇರುವಾಗಲೇ ಕುಡಿದರೆ ಸಿಪ್ಪೆ, ಬೀಜ ಏನು ಮಾಡಿವೆ ಎಂಬುದು ತಾನಾಗಿ ತಿಳಿಯುತ್ತದೆ. ಮನೆಗೆ ಹಿಂದಿನ ದಿನವೇ ಫೋನ್ ಮಾಡಿ, ಮಾಂಸ ತಿನ್ನುವುದಿಲ್ಲ ಎಂದು ಆಗಲೇ ಹೇಳಿಬಿಡಿ.

ಸೆಪ್ಟೆಂಬರಿನಲ್ಲಿ ತುಳಿಯುವುದು ನೋಡಲು ಸಿಗುತ್ತದೆ. ಆದರೆ ನಾವು ಕೋಲು ಹಾಕಿ ಒತ್ತಿದ ಆ ಕ್ವೆವ್ರಿಯ ವೈನ್ ಹೇಗಾಯಿತು ಎಂದು ನೋಡಬೇಕಾದರೆ ವಸಂತದಲ್ಲೇ ಹೋಗಬೇಕು. ಏಪ್ರಿಲ್‌ನಲ್ಲಿ ನಮಗೆ ಊರಲ್ಲಿ ಮತ್ತೆ ಚಾಟ್ನಿ. ಹಾಗಾಗಿ ಮೇ ಮೊದಲ ವಾರ ಅಂತ ಮಾತಾಡಿಕೊಂಡಿದ್ದೇವೆ. ಈ ಸಲ ಅಪ್ಪನೂ ಬರುತ್ತೇನೆ ಎಂದಿದ್ದಾರೆ. ಅವರು ಕುಡಿಯುವುದಿಲ್ಲ. ಬಳ್ಳಿ ನೋಡಬೇಕಂತೆ.