ಪೋಕೆಮಾನ್ ಆಟಗಳೊಂದಿಗೆ ನಾಲ್ಕು ವರ್ಷ: ಮುಲುಂಡಿನ ಮನೆಯೊಂದರ ಬಳಕೆಯ ವಿಮರ್ಶೆ

ನಮ್ಮ ಮನೆಗೆ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಆಟದ ಯಂತ್ರ ಬಂದದ್ದು 2021ರ ಜೂನ್ ತಿಂಗಳಲ್ಲಿ. ಶಾಲೆ ಫೋನಿನೊಳಗೆ ನಡೆಯುತ್ತಿತ್ತು, ಹೊರಗೆ ಮುಂಬಯಿಯ ಮಳೆ ಹಿಡಿದಿತ್ತು, ಏಳು ವರ್ಷದ ಮಗನಿಗೂ ನಾಲ್ಕು ವರ್ಷದ ಮಗಳಿಗೂ ಮುಲುಂಡಿನ ಎರಡು ಕೋಣೆಗಳೇ ಜಗತ್ತಾಗಿದ್ದವು. ಮಗ ಕೇಳಿದ್ದು ಪೋಕೆಮಾನ್ ಮಾತ್ರ. ಅಂದಿನಿಂದ ನಾಲ್ಕು ವರ್ಷ ಈ ಬಗೆಯ ಆಟಗಳನ್ನು, ಅಂದರೆ ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಪಟ್ಟಿ ತುಂಬಿಸುವ ಆಟಗಳನ್ನು, ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಎಷ್ಟೋ ಸಲ ನಾನೇ ಆಡಿದ್ದೇನೆ. ಕೊಳ್ಳುವ ಯೋಚನೆಯಲ್ಲಿರುವ ತಂದೆತಾಯಂದಿರಿಗೆ ಈ ಅನುಭವ ಉಪಯೋಗಕ್ಕೆ ಬಂದೀತು.

ಖರೀದಿಯ ಮಾತನ್ನು ಮೊದಲೇ ಮುಗಿಸುತ್ತೇನೆ. ನಾವು ಕೊಂಡಾಗ ಭಾರತದಲ್ಲಿ ಈ ಯಂತ್ರಕ್ಕೆ ಅಧಿಕೃತ ಮಾರಾಟಜಾಲವಿರಲಿಲ್ಲ. ಅಂಗಡಿಯವರು ಹೊರದೇಶದಿಂದ ತರಿಸಿದ್ದನ್ನೇ ಕೊಳ್ಳಬೇಕಾಗಿತ್ತು. ಆದ್ದರಿಂದ ವಾರಂಟಿ ಎಂದರೆ ಅಂಗಡಿಯವರ ಬಾಯಿಮಾತು. ನಮಗೆ ಒಂದು ವರ್ಷದ ವಾರಂಟಿಯೆಂದು ಮೊಹರು ಒತ್ತಿಕೊಟ್ಟಿದ್ದ ಅಂಗಡಿಯವರು ಎಂಟನೆಯ ತಿಂಗಳಲ್ಲಿ ಚಾರ್ಜರ್ ಕೆಟ್ಟಾಗ ಅದು ತಮ್ಮ ಮೊಹರೇ ಅಲ್ಲ ಎಂದರು. ಅದಾದ ಮೇಲೆ ನಾವು ಆಟದ ಕಾರ್ಟ್ರಿಜ್‌ಗಳನ್ನು, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಚಿಕ್ಕ ಕಾರ್ಡುಗಳನ್ನು, ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡಿದ್ದೇವೆ. ಇದರಲ್ಲಿ ನಷ್ಟವಿಲ್ಲ, ಏಕೆಂದರೆ ಸ್ವಿಚ್‌ನಲ್ಲಿ ಆಡಿದ ಆಟದ ಲೆಕ್ಕವೆಲ್ಲ ಯಂತ್ರದಲ್ಲಿ ಉಳಿಯುತ್ತದೆಯೇ ಹೊರತು ಕಾರ್ಟ್ರಿಜ್‌ನಲ್ಲಿ ಅಲ್ಲ. ಯಂತ್ರದಲ್ಲಿ ಇಬ್ಬರು ಮಕ್ಕಳಿಗೂ ಬೇರೆಬೇರೆ ಪ್ರೊಫೈಲ್ ಮಾಡಿಕೊಟ್ಟರೆ ಒಂದೇ ಕಾರ್ಟ್ರಿಜ್‌ನಲ್ಲಿ ಅಣ್ಣನ ಆಟ ಅಣ್ಣನಿಗೆ, ತಂಗಿಯದು ತಂಗಿಗೆ. ಇದು ತಿಳಿಯದೆ ಎರಡೆರಡು ಪ್ರತಿ ಕೊಂಡವರನ್ನು ನಾನು ಬಲ್ಲೆ.

ಮೊದಲು ತಂದದ್ದು 2018ರಲ್ಲಿ ಬಿಡುಗಡೆಯಾದ ಲೆಟ್ಸ್ ಗೋ ಪಿಕಾಚು. ಮೊದಲ ಆಟವಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಇಲ್ಲಿ ಕಾಡಿನ ಜೀವಿಯನ್ನು ಹಿಡಿಯಲು ಸಾಮಾನ್ಯವಾಗಿ ಹೋರಾಡಬೇಕಿಲ್ಲ. ಟಿವಿಯ ಮುಂದೆ ನಿಂತು, ಯಂತ್ರದಿಂದ ಕಳಚಿ ಕೈಯಲ್ಲಿ ಹಿಡಿಯುವ ಜಾಯ್-ಕಾನ್ ಎಂಬ ನಿಯಂತ್ರಕವನ್ನು ಬೀಸಿದರೆ ಜೀವಿಯನ್ನು ಹಿಡಿಯುವ ಚೆಂಡು ಹೋಗಿ ಬೀಳುತ್ತದೆ. ಎರಡನೆಯ ಜಾಯ್-ಕಾನ್ ಅಲುಗಿಸಿದರೆ ಇನ್ನೊಬ್ಬರೂ ಆಟದೊಳಕ್ಕೆ ಬರುತ್ತಾರೆ, ಹೀಗಾಗಿ ಅಕ್ಷರ ಬಾರದ ಮಗಳೂ ಅಣ್ಣನ ಜೊತೆ ಚೆಂಡೆಸೆಯುತ್ತಿದ್ದಳು. ಸ್ವಿಚ್ ಲೈಟ್ ಎಂಬ ಅಗ್ಗದ ಯಂತ್ರವನ್ನು ಟಿವಿಗೆ ಜೋಡಿಸಲಾಗುವುದಿಲ್ಲ, ಅದರ ಜಾಯ್-ಕಾನ್‌ಗಳು ಕಳಚಿಬರುವುದೂ ಇಲ್ಲ. ಇಬ್ಬರು ಮಕ್ಕಳಿರುವ ಮನೆಗೆ ಅದು ಸಲ್ಲದು.

ಕೊರತೆ ಇರುವುದು ಭಾಷೆಯಲ್ಲಿ. ಸ್ವಿಚ್‌ನ ಮುಖ್ಯ ಪೋಕೆಮಾನ್ ಆಟಗಳಲ್ಲಿ ಜಪಾನಿ, ಇಂಗ್ಲಿಷ್, ಫ್ರೆಂಚ್, ಕೊರಿಯನ್, ಚೀನೀ ಮುಂತಾದ ಭಾಷೆಗಳಿದ್ದರೂ ಭಾರತದ ಒಂದು ಭಾಷೆಯೂ ಇಲ್ಲ. ಪಾತ್ರಗಳು ಬಾಯಿಬಿಟ್ಟು ಮಾತನಾಡುವುದೂ ಇಲ್ಲ, ಎಲ್ಲವೂ ಓದಬೇಕಾದ ಅಕ್ಷರ. ಮೊದಲ ಆರು ತಿಂಗಳು ನಾನು ಪ್ರತಿ ಸಾಲನ್ನೂ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಏಳು ವರ್ಷದೊಳಗಿನ ಮಗುವಿಗೆ ಆಟ ಕೊಟ್ಟು ಅಡುಗೆಮನೆಗೆ ಹೋಗಿಬಿಡಬಹುದು ಎಂದುಕೊಂಡವರು ಈ ಸಾಲನ್ನು ಇನ್ನೊಮ್ಮೆ ಓದಲಿ. ಆದರೆ ಆ ಆರು ತಿಂಗಳೇ ನನಗೆ ಹೆಚ್ಚು ನೆನಪಿರುವುದು. ಹಿಡಿದ ಜೀವಿಗೆ ನಾವೇ ಹೆಸರಿಡಬಹುದು, ಇಂಗ್ಲಿಷ್ ಲಿಪಿಯಲ್ಲಿ 12 ಅಕ್ಷರಗಳವರೆಗೆ. ದಾರಿಗಡ್ಡವಾಗಿ ಮಲಗಿ ಕೊಳಲಿನ ಸದ್ದಿಗಷ್ಟೇ ಏಳುವ ಸ್ನಾರ್ಲ್ಯಾಕ್ಸ್ ನಮ್ಮಲ್ಲಿ ಕುಂಭಕರ್ಣನಾಯಿತು. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ 11 ಅಕ್ಷರ. ಹಿರಣ್ಯಕಶಿಪು ಅಷ್ಟು ಅಕ್ಷರಗಳಲ್ಲಿ ಹಿಡಿಯಲಿಲ್ಲವೆಂದು ಮಗ ಒಂದು ಸಂಜೆಯೆಲ್ಲ ಬೇಸರದಲ್ಲಿದ್ದ.

ಮರುವರ್ಷ ಸ್ವೋರ್ಡ್ ತಂದೆವು. 2019ರ ನವೆಂಬರಿನಲ್ಲಿ ಶೀಲ್ಡ್ ಎಂಬ ಜೋಡಿಯೊಂದಿಗೆ ಬಂದ ಈ ಆಟದಲ್ಲಿ ಹೋರಾಟವೇ ಮುಖ್ಯ. ಪ್ರಾಣಿಗಳನ್ನು ಕಾದಾಡಿಸುವ ಆಟವೇ ಎಂದು ನನಗೂ ಅಳುಕಿತ್ತು. ಇಲ್ಲಿ ರಕ್ತವಿಲ್ಲ, ಸಾವಿಲ್ಲ. ಸೋತ ಜೀವಿ ಮೂರ್ಛೆ ಹೋಗುತ್ತದೆ, ಊರೂರಿನಲ್ಲಿರುವ ಆರೈಕೆ ಕೇಂದ್ರದಲ್ಲಿ ಪುಕ್ಕಟೆಯಾಗಿ ಚೇತರಿಸಿಕೊಳ್ಳುತ್ತದೆ. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರ ಪ್ರಶ್ನೆ ಬೇರೆಯೇ ಆಗಿತ್ತು: "ಹಿಡದಮ್ಯಾಲ ಅವಕ್ಕ ಕೂಳ ಹಾಕೋರ್ಯಾರೋ?" ಪುಣ್ಯಕ್ಕೆ ಸ್ವೋರ್ಡ್‌ನಲ್ಲಿ ಬಿಡಾರ ಹೂಡಿ, ಒಲೆಗೆ ಗಾಳಿ ಹಾಕಿ, ಸೌಟಾಡಿಸಿ ಜೀವಿಗಳಿಗೆ ಕರಿ ಮಾಡಿಹಾಕುವ ಭಾಗವಿದೆ, ಅದರಲ್ಲಿ 151 ಬಗೆಗಳಿವೆ. ಮೊಮ್ಮಗ ಜಾಯ್-ಕಾನ್‌ನಿಂದ ಸೌಟಾಡಿಸುವುದನ್ನು ಕಂಡಮೇಲೆ ಅವರ ಆಕ್ಷೇಪ ನಿಂತಿತು.

ಹೋರಾಟದೊಳಗೆ ಗಣಿತವಿದೆ, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಜೀವಿಗಳಲ್ಲಿ ಬೆಂಕಿ, ನೀರು, ಹುಲ್ಲು, ಮಣ್ಣು, ಕಲ್ಲು ಎಂಬಂಥ 18 ಜಾತಿಗಳಿದ್ದು, ಒಂದರ ಪೆಟ್ಟು ಇನ್ನೊಂದಕ್ಕೆ ಎರಡು ಪಟ್ಟು ತಾಗಬಹುದು, ಅರ್ಧವೇ ತಾಗಬಹುದು, ತಾಗದೆಯೂ ಹೋಗಬಹುದು. ಕಲ್ಲೂ ಮಣ್ಣೂ ಎರಡೂ ಆಗಿರುವ ಓನಿಕ್ಸ್‌ಗೆ ನೀರಿನ ಪೆಟ್ಟು ಎರಡೆರಡಲ ನಾಲ್ಕು ಪಟ್ಟು. ಮಿಂಚಿನ ಪೆಟ್ಟು ಸೊನ್ನೆ. ಅರ್ಧದ ಅರ್ಧ ಕಾಲು ಎಂಬುದನ್ನು ಮಗ ಪಾಠದಲ್ಲಿ ಬರುವ ಮೊದಲೇ ಹೇಳತೊಡಗಿದ. ಮಗಳು ಕಲಿತದ್ದು ತಾಳ್ಮೆ. ಮ್ಯಾಜಿಕಾರ್ಪ್ ಎಂಬ ಮೀನು ಚಿಮ್ಮುವುದನ್ನು ಬಿಟ್ಟರೆ ಮೊದಮೊದಲು ಏನೂ ಮಾಡದು, ಆದರೆ 20ನೆಯ ಮಟ್ಟಕ್ಕೇರಿದಾಗ ಗ್ಯಾರಡೋಸ್ ಎಂಬ ಭೀಕರ ಜಲಸರ್ಪವಾಗುತ್ತದೆ. ಅಣ್ಣ ಎಷ್ಟು ನಕ್ಕರೂ ಅವಳು ಆ ಮೀನನ್ನು ಕೈಬಿಡಲಿಲ್ಲ.

ಜಗಳ ಹುಟ್ಟುವುದು ವಿನಿಮಯದಲ್ಲಿ, ಅಂದರೆ ಇಬ್ಬರು ಆಟಗಾರರು ಜೀವಿಗಳನ್ನು ಅದಲುಬದಲು ಮಾಡಿಕೊಳ್ಳುವುದರಲ್ಲಿ. ಈ ಸರಣಿಯನ್ನು ರೂಪಿಸಿದ ಸತೋಷಿ ತಾಜಿರಿ ಬಾಲ್ಯದಲ್ಲಿ ಹುಳ ಹಿಡಿಯುತ್ತಿದ್ದವರು. ಗೇಮ್ ಬಾಯ್ ಎಂಬ ನಿಂಟೆಂಡೊದ ಹಳೆಯ ಕೈಯಂತ್ರಗಳೆರಡರ ನಡುವಿನ ತಂತಿಯ ಮೇಲೆ ಹುಳ ಹರಿದುಹೋಗುವ ಕಲ್ಪನೆಯಿಂದ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಂದ ಮೊದಲ ಜೋಡಿ ಆಟ ಹುಟ್ಟಿತು. ಯಾವ ಒಂದು ಆವೃತ್ತಿಯಲ್ಲೂ ಎಲ್ಲ ಜೀವಿಗಳು ಸಿಗುವುದಿಲ್ಲ, ಹಾಂಟರ್‌ನಂಥ ಕೆಲವು ಕೈ ಬದಲಾದರಷ್ಟೇ ಮುಂದಿನ ರೂಪ ತಾಳುತ್ತವೆ. ಸ್ನೇಹ ಬೆಳೆಸುವ ಉಪಾಯವೂ ಹೌದು, ಎರಡು ಪ್ರತಿ ಮಾರುವ ಉಪಾಯವೂ ಹೌದು. ಪುಣೆಯಿಂದ ರಜೆಗೆ ಬಂದಿದ್ದ ನಮ್ಮ ಭಾವನವರ ಮಗ ತನ್ನ ಶೀಲ್ಡ್ ಆಟದೊಂದಿಗೆ ಹಾಂಟರನ್ನು "ಬೆಳೆಸಿ ವಾಪಸ್ ಕೊಡ್ತೀನಿ" ಎಂದು ಮಗಳಿಂದ ಪಡೆದವನು ಹಾಗೆಯೇ ರೈಲು ಹತ್ತಿದ. ಕೊಟ್ಟದ್ದನ್ನು ರದ್ದುಮಾಡುವ ದಾರಿ ಆಟದಲ್ಲಿಲ್ಲ. ಅಂದಿನಿಂದ ನಮ್ಮಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿಲ್ಲದೆ ವಿನಿಮಯವಿಲ್ಲ. ಎದುರುಬದುರು ಕುಳಿತು ಮಾಡಿಕೊಳ್ಳುವ ವಿನಿಮಯಕ್ಕೆ ಖರ್ಚಿಲ್ಲ. ಇಂಟರ್‌ನೆಟ್ ಮೂಲಕವಾದರೆ ಸ್ವಿಚ್ ಆನ್‌ಲೈನ್ ಚಂದಾ ಬೇಕು, ನಾವು ಅದನ್ನು ಕಟ್ಟಿಲ್ಲ.

ಸಮಯದ ಬಗ್ಗೆ ಒಂದು ಗುಟ್ಟು. "ಸೇವ್ ಮಾಡಬೇಕು, ಇನ್ನೊಂದೇ ನಿಮಿಷ" ಎಂಬುದು ಎಲ್ಲ ಮಕ್ಕಳ ನೆಪ. ಸ್ವಿಚ್‌ನ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಆಟ ಇದ್ದಲ್ಲೇ ನಿದ್ದೆಹೋಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ವೋರ್ಡ್‌ನಲ್ಲಿ ಆಟ ತಾನಾಗಿ ಸೇವ್ ಆಗುವ ವ್ಯವಸ್ಥೆಯೂ ಇದೆ. ತಂದೆತಾಯಂದಿರ ಆ್ಯಪ್‌ನಲ್ಲಿ ದಿನದ ಮಿತಿ ಹಾಕಿಟ್ಟರೆ ಎಚ್ಚರಿಕೆ ಯಂತ್ರವೇ ಕೊಡುತ್ತದೆ, ಬೈಗುಳ ನಮಗೆ ತಪ್ಪುತ್ತದೆ.

ಹಣದ ವಿಚಾರದಲ್ಲಿ ನನ್ನ ಅಭಿಪ್ರಾಯ ಈ ನಾಲ್ಕು ವರ್ಷಗಳಲ್ಲಿ ತಿರುಗುಮುರುಗಾಗಿದೆ. ನಾಲ್ಕು ಸಾವಿರದ ಕಾರ್ಟ್ರಿಜ್ ದುಬಾರಿ, ಫೋನಿನ ಉಚಿತ ಆಟವೇ ವಾಸಿ ಎಂದುಕೊಂಡಿದ್ದೆ. ಇದೇ ಬಗೆಯ ಒಂದು ಉಚಿತ ಫೋನ್ ಆಟದಲ್ಲಿ, ಹೆಸರು ಬೇಡ, ಅಪರೂಪದ ಜೀವಿ ಸಿಕ್ಕೀತೆಂಬ ಆಸೆಗೆ ಮಗ ಒಂದು ಮಧ್ಯಾಹ್ನ ನನ್ನ ಕಾರ್ಡಿನಿಂದ 1,490 ರೂಪಾಯಿಯ ರತ್ನಗಳನ್ನು ಕೊಂಡ, ಜೀವಿ ಸಿಗಲಿಲ್ಲ. ಸ್ವೋರ್ಡ್‌ನಲ್ಲೂ ಬಣ್ಣ ಬೇರೆಯಾದ ಅಪರೂಪದ ಜೀವಿಗಳಿವೆ, ಸಾಮಾನ್ಯವಾಗಿ 4,096ಕ್ಕೆ ಒಂದರಂತೆ. ಆದರೆ ಅಲ್ಲಿ ತೆರಬೇಕಾದದ್ದು ಸಮಯ ಮಾತ್ರ. ಹೆಚ್ಚುವರಿ ಅಧ್ಯಾಯಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಕೊಳ್ಳದಿದ್ದರೂ ಕಥೆ ಪೂರ್ತಿಯಾಗುತ್ತದೆ. ಫೋನಿನಲ್ಲಿ ಕಾರ್ಡಿನ ವಿವರ ಉಳಿಸಿಟ್ಟಿದ್ದರೆ ಇಂದೇ ಅಳಿಸಿ.

ಪೋಕೆಮಾನ್ ಗೋ ಬೇರೆಯೇ ಸಂಗತಿ. ಭಾರತಕ್ಕೆ 2016ರ ಡಿಸೆಂಬರಿನಲ್ಲಿ ಬಂದ ಈ ಫೋನ್ ಆಟದಲ್ಲಿ 2023ರಿಂದ ಹಿಂದಿಯೂ ಇದೆ. ನಡೆದಷ್ಟೂ ಆಟದೊಳಗಿನ ಮೊಟ್ಟೆಗಳು ಒಡೆದು ಜೀವಿಗಳು ಹೊರಬರುತ್ತವೆ. ಲೋಕಲ್ ರೈಲಿನಲ್ಲಿ ಕುಳಿತರೆ ಆಟ ವೇಗವನ್ನು ಗುರುತಿಸುತ್ತದೆ, ಆ ದೂರ ಲೆಕ್ಕಕ್ಕೆ ಬಾರದು. ಠಾಣೆಯ ತಲಾವ್ ಪಾಳಿಯ ಸುತ್ತ ಸಂಜೆ ನಡೆದರೆ ಬರುತ್ತದೆ. ನಮ್ಮಲ್ಲಿ ಇದು ನನ್ನ ಫೋನಿನಲ್ಲಿ, ನನ್ನ ಜೊತೆಯಲ್ಲಿ, ಅಕ್ಟೋಬರಿನಿಂದ ಮೇ ವರೆಗೆ ಮಾತ್ರ. ಮಳೆಗಾಲದ ಫುಟ್‌ಪಾತಿನಲ್ಲಿ ಕಣ್ಣು ಪರದೆಯ ಮೇಲಿರಬಾರದು.

ಹೋರಾಟವೇ ಬೇಡವೆನ್ನುವವರಿಗೆ 2021ರ ನ್ಯೂ ಪೋಕೆಮಾನ್ ಸ್ನ್ಯಾಪ್ ಇದೆ, ಅದರಲ್ಲಿ ಜೀವಿಗಳ ಫೋಟೊ ತೆಗೆಯುವುದೇ ಕೆಲಸ. ಐದಾರು ವರ್ಷದ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. 2022ರ ಪೋಕೆಮಾನ್ ಸ್ಕಾರ್ಲೆಟ್ ವಿಶಾಲವಾದರೂ ಚಿತ್ರ ತಡವರಿಸುವ ದೋಷ ಬಿಡುಗಡೆಯಿಂದಲೇ ಚರ್ಚೆಯಾಗಿತ್ತು. ಹತ್ತು ದಾಟಿದವರಿಗೆ ಸರಿ. ಪೋಕೆಮಾನ್ ಅಲ್ಲದ, ಆದರೆ ಇದೇ ಬಗೆಯ ಆಟವಾದ 2024ರ ಪಾಲ್‌ವರ್ಲ್ಡ್‌ನ ಜೀವಿಗಳು ಮುದ್ದಾಗಿ ಕಂಡರೂ ಅದರಲ್ಲಿ ಬಂದೂಕುಗಳಿವೆ. ಚಿತ್ರ ನೋಡಿ ಮೋಸಹೋಗಬೇಡಿ.

ಲೆಟ್ಸ್ ಗೋ ಕಾರ್ಟ್ರಿಜ್ ಈಗ ಮೇಲಿನ ಮಹಡಿಯ ಮಂಗಳೂರಿನವರ ಮನೆಯಲ್ಲಿದೆ, ಅವರ ಮಗನಿಗೆ ಈಗಷ್ಟೇ ಏಳು ತುಂಬಿದೆ. ಕೊಡುವ ದಿನ ಮಗಳು ಅಳುಮುಖ ಮಾಡಿದಾಗ ಯಂತ್ರದ ಪಟ್ಟಿ ತೆರೆದು ತೋರಿಸಿದೆ: ಕಾರ್ಟ್ರಿಜ್ ಹೋದರೂ ಕುಂಭಕರ್ಣ ನಮ್ಮ ಯಂತ್ರದೊಳಗೇ ಮಲಗಿದ್ದಾನೆ.